‘ಪವರ್’: ಒಂದು ಪದ, ಹಲವು ಅರ್ಥ

ಸಂಜೆ ಮನೆಯ ದೀಪ ಆರಿದ ಕೂಡಲೇ ‘ಪವರ್ ಹೋಯಿತು’ ಎನ್ನುತ್ತೇವೆ. ಕನ್ನಡಕದ ಅಂಗಡಿಯಲ್ಲಿ ‘ನಿಮ್ಮದು ಎಷ್ಟು ಪವರ್?’ ಎಂದು ಕೇಳುತ್ತಾರೆ. ಔಷಧಿಯ ಅಂಗಡಿಯವರು ‘ಈ ಮಾತ್ರೆ ಪವರ್ ಜಾಸ್ತಿ, ಊಟವಾದ ಮೇಲೆ ನುಂಗಿ’ ಎಂದು ಎಚ್ಚರಿಸುತ್ತಾರೆ. ಗಣಿತದ ಮೇಷ್ಟರು ‘ಎರಡು ಟು ದಿ ಪವರ್ ಐದು’ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಚುನಾವಣೆ ಬಂತೆಂದರೆ ಯಾವ ಪಕ್ಷ ‘ಪವರ್‌ಗೆ’ ಬರುತ್ತದೆ ಎಂಬ ಚರ್ಚೆ ಹೋಟೆಲಿನ ಮೇಜುಗಳಲ್ಲಿ ನಡೆಯುತ್ತದೆ. ಈ ಐದೂ ಕಡೆ ಇರುವುದು ಒಂದೇ ಇಂಗ್ಲಿಷ್ ಪದ. ಆದರೆ ಭೌತವಿಜ್ಞಾನದ ಪಠ್ಯಪುಸ್ತಕದಲ್ಲಿ ನೀವು ಓದುವ ‘ಪವರ್’, ಅಂದರೆ ಕೆಲಸ ನಡೆಯುವ ದರ, ಈ ಐದರಲ್ಲಿ ಎಲ್ಲಿದೆ? ಸ್ವಲ್ಪ ಯೋಚಿಸಿ ನೋಡಿ. ನೇರವಾಗಿ ಒಂದರಲ್ಲೂ ಇಲ್ಲ!

ಒಂದು ಪದಕ್ಕೆ ಹಲವು ಅರ್ಥಗಳಿರುವುದು ಭಾಷೆಗೆ ಸಹಜ. ಕನ್ನಡದ ‘ಅಡಿ’ ಎಂಬ ಪದಕ್ಕೆ ಪಾದ, ಕೆಳಭಾಗ, ಅಳತೆ ಎಂಬ ಅರ್ಥಗಳಿಲ್ಲವೇ? ಮಾತಿನ ಸಂದರ್ಭದಿಂದ ನಮಗೆ ಅರ್ಥ ಹೊಳೆಯುತ್ತದೆ. ಆದರೆ ವಿಜ್ಞಾನದಲ್ಲಿ ಇಂಥ ಸಡಿಲತೆಗೆ ಬೆಲೆ ತೆರಬೇಕಾಗುತ್ತದೆ. ‘ಪವರ್’, ‘ಫೋರ್ಸ್’, ‘ಎನರ್ಜಿ’ ಎಂಬ ಮೂರು ಪದಗಳನ್ನು ಒಂದರಿಂದ ಒಂದು ಬಿಡಿಸಲು ಯೂರೋಪಿನ ಶ್ರೇಷ್ಠ ವಿಜ್ಞಾನಿಗಳಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನಮ್ಮ ವಿದ್ಯಾರ್ಥಿಗಳು ಅದನ್ನು ಒಂದು ಪಾಠದ ಅವಧಿಯಲ್ಲಿ ಬಿಡಿಸಿಕೊಳ್ಳಬೇಕೆಂದು ನಾವು ನಿರೀಕ್ಷಿಸುತ್ತೇವೆ. ಆ ನೂರು ವರ್ಷಗಳಲ್ಲಿ ಏನಾಯಿತು ಎಂಬುದನ್ನು ತಿಳಿದರೆ ಪಾಠ ಹೇಳುವವರಿಗೂ ಕೇಳುವವರಿಗೂ ಹಾದಿ ಸುಗಮವಾದೀತು.

ಗಣಿತಕ್ಕೆ ಬಂದದ್ದು ಮೊದಲು

ಇಂಗ್ಲಿಷಿನ ‘ಪವರ್’ ಹಳೆಯ ಫ್ರೆಂಚ್ ಭಾಷೆಯ ಮೂಲಕ ಲ್ಯಾಟಿನ್ನಿನಿಂದ ಬಂದ ಪದ. ಮೂಲದಲ್ಲಿ ಅದರ ಅರ್ಥ ‘ಮಾಡಬಲ್ಲೆನು’ ಎಂಬುದು. ಅರಸನ ಅಧಿಕಾರ, ತೋಳಿನ ಬಲ, ಮದ್ದಿನ ಗುಣ ಎಲ್ಲವೂ ಈ ‘ಮಾಡಬಲ್ಲೆ’ಯಲ್ಲಿ ಅಡಗಿವೆ.

ಅಚ್ಚರಿಯ ಸಂಗತಿಯೆಂದರೆ, ನಿಖರವಾದ ಅರ್ಥದೊಂದಿಗೆ ಈ ಪದ ಮೊದಲು ಕಾಲಿಟ್ಟಿದ್ದು ಯಂತ್ರಶಾಸ್ತ್ರಕ್ಕಲ್ಲ, ಗಣಿತಕ್ಕೆ. ಗ್ರೀಕ್ ಗಣಿತಜ್ಞರು ಒಂದು ರೇಖೆಯ ಮೇಲೆ ರಚಿಸಿದ ಚೌಕವನ್ನು ಸೂಚಿಸಲು ‘ಡೈನಾಮಿಸ್’ ಎಂಬ ಪದವನ್ನು ಬಳಸುತ್ತಿದ್ದರು. ಡೈನಾಮಿಸ್ ಎಂದರೆ ಬಲ, ಸಾಧ್ಯತೆ. ರೇಖೆಯೊಂದು ಯಾವ ಚೌಕವನ್ನು ಹುಟ್ಟಿಸಬಲ್ಲದೋ ಅದು ಆ ರೇಖೆಯ ‘ಬಲ’ ಎಂಬುದು ಅವರ ಭಾವನೆಯಿರಬೇಕು. ಡಯೊಫಾಂಟಸ್ ಕೂಡ ಅಜ್ಞಾತ ಸಂಖ್ಯೆಯ ವರ್ಗವನ್ನು ಇದೇ ಹೆಸರಿನಿಂದ ಕರೆದ. 1570ರಲ್ಲಿ ಹೆನ್ರಿ ಬಿಲಿಂಗ್ಸ್‌ಲಿ ಯೂಕ್ಲಿಡ್‌ನ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ ಈ ಅರ್ಥಕ್ಕೆ ‘ಪವರ್’ ಎಂಬ ಪದವನ್ನು ಬಳಸಿದ. ಮೊದಲು ವರ್ಗಕ್ಕೆ ಮಾತ್ರ ಮೀಸಲಾಗಿದ್ದ ಪದ ಮುಂದೆ ಘನ, ನಾಲ್ಕನೆಯ ಘಾತ, ಐದನೆಯ ಘಾತಗಳಿಗೂ ವಿಸ್ತರಿಸಿತು. 1637ರಲ್ಲಿ ಡೆಕಾರ್ಟ್ ಸಂಖ್ಯೆಯ ತಲೆಯ ಮೇಲೆ ಚಿಕ್ಕ ಅಂಕಿ ಬರೆಯುವ ಪದ್ಧತಿಯನ್ನು ಬಳಕೆಗೆ ತಂದ ಮೇಲೆ ಘಾತಗಳನ್ನು ಬರೆಯುವುದು ಸುಲಭವಾಯಿತು. ಭಿನ್ನರಾಶಿಯ ಘಾತ, ಋಣ ಘಾತಗಳನ್ನು ನ್ಯೂಟನ್ 1676ರ ತನ್ನ ಪತ್ರಗಳಲ್ಲಿ ಧಾರಾಳವಾಗಿ ಬಳಸಿದ್ದಾನೆ.

ನಮ್ಮ ಗಣಿತದಲ್ಲಿ ಈ ಕವಲು ಬೇರೆ ದಾರಿ ಹಿಡಿಯಿತು. ಸಂಸ್ಕೃತದಲ್ಲಿ ಗುಣಾಕಾರಕ್ಕೆ ಹನನ, ವಧ ಮುಂತಾದ ‘ಹೊಡೆ, ಕೊಲ್ಲು’ ಎಂಬರ್ಥದ ಪದಗಳಿದ್ದವು. ಘಾತವೂ ಅದೇ ಕುಟುಂಬದ್ದು. ಹೀಗಾಗಿ ಕನ್ನಡದ ವಿದ್ಯಾರ್ಥಿಗೆ ‘ಎರಡರ ಐದನೆಯ ಘಾತ’ ಎಂದರೆ ಶಕ್ತಿಯ ಗೊಂದಲವೇ ಇಲ್ಲ. ಇಂಗ್ಲಿಷ್ ಮಾಧ್ಯಮದ ಮಗುವಿಗಿಲ್ಲದ ಒಂದು ಅನುಕೂಲ ಇದು.

ಅದೇ ‘ಡೈನಾಮಿಸ್’ನಿಂದ ಮುಂದೆ ಡೈನಮೋ, ಡೈನಾಮಿಕ್ಸ್, ಬಲದ ಮಾನವಾದ ಡೈನ್, ಕೊನೆಗೆ 1867ರಲ್ಲಿ ಆಲ್ಫ್ರೆಡ್ ನೊಬೆಲ್ ಪೇಟೆಂಟ್ ಪಡೆದ ಡೈನಮೈಟ್ ಕೂಡ ಹುಟ್ಟಿಕೊಂಡವು. ಒಂದು ಚೌಕದಿಂದ ಹೊರಟ ಪದ ಬಂಡೆ ಸಿಡಿಸುವವರೆಗೆ ಬಂತು!

ಸನ್ನೆಗೋಲಿನ ‘ಪವರ್’

ಹಳೆಯ ಇಂಗ್ಲಿಷ್ ಯಂತ್ರಶಾಸ್ತ್ರದ ಪುಸ್ತಕಗಳನ್ನು ತೆರೆದರೆ ‘ಮೆಕ್ಯಾನಿಕಲ್ ಪವರ್ಸ್’ ಎಂಬ ಅಧ್ಯಾಯ ಕಾಣುತ್ತದೆ. ಸನ್ನೆಗೋಲು, ರಾಟೆ, ಗಾಲಿ ಮತ್ತು ಅಚ್ಚು, ಇಳಿಜಾರು, ಬೆಣೆ, ತಿರುಪು ಎಂಬ ಆರು ಸರಳ ಯಂತ್ರಗಳಿಗೆ ಇದ್ದ ಹೆಸರು ಅದು. ಇವು ಮನುಷ್ಯನಿಗೆ ‘ಪವರ್’ ಕೊಡುತ್ತವೆ ಎಂಬುದು ಜನರ ಅನುಭವ. ಒಬ್ಬನೇ ಅಲ್ಲಾಡಿಸಲಾಗದ ಬಂಡೆಯನ್ನು ಹಾರೆಯ ನೆರವಿನಿಂದ ಅವನೇ ಎಬ್ಬುತ್ತಾನಲ್ಲ!

ಆದರೆ ಇಂದಿನ ಅರ್ಥದಲ್ಲಿ ಸರಳ ಯಂತ್ರ ಪವರ್ ಕೊಡುವುದಿಲ್ಲ. ಹಾರೆಯ ಉದ್ದನೆಯ ತುದಿಯನ್ನು ನೀವು 50 ಸೆಂಟಿಮೀಟರ್ ಒತ್ತಿದರೆ ಬಂಡೆ 5 ಸೆಂಟಿಮೀಟರ್ ಮೇಲೇಳುತ್ತದೆ. ಬಲ ಹತ್ತು ಪಟ್ಟಾಯಿತು, ದೂರ ಹತ್ತನೆಯ ಒಂದು ಭಾಗವಾಯಿತು. ಎರಡರ ಗುಣಲಬ್ಧ, ಅಂದರೆ ಕೆಲಸ, ಇದ್ದಷ್ಟೇ ಇದೆ. ಅದಕ್ಕೆ ತಗಲಿದ ಸಮಯವೂ ಒಂದೇ. ಆದ್ದರಿಂದ ಪವರ್ ಕೂಡ ಅಷ್ಟೇ. ಇಲ್ಲಿ ‘ಪವರ್’ ಎಂದು ಹಿರಿಯರು ಕರೆದದ್ದು ಬಲದ ವೃದ್ಧಿಯನ್ನು. ಪದದ ಅರ್ಥ ಹೇಗೆ ಸರಿಯಿತು ಎಂಬುದಕ್ಕೆ ಇದು ಮೊದಲ ಉದಾಹರಣೆ.

ಕುದುರೆಗಳ ಲೆಕ್ಕ

ಪದಕ್ಕೆ ನಿಖರತೆ ಬೇಕೆನಿಸಿದ್ದು ಪಂಡಿತರಿಗಲ್ಲ, ಯಂತ್ರ ಮಾರುವವರಿಗೆ ಮತ್ತು ಕೊಳ್ಳುವವರಿಗೆ. ಗಣಿಯ ನೀರು ಎತ್ತುವ ಉಗಿ ಸಾಧನವನ್ನು ರೂಪಿಸಿದ ಥಾಮಸ್ ಸೇವರಿ 1702ರ ತನ್ನ ಪುಸ್ತಕದಲ್ಲಿ ಅದನ್ನು ಕುದುರೆಗಳೊಡನೆ ಹೋಲಿಸಿದ. ಅವನ ಲೆಕ್ಕದ ರೀತಿ ನೋಡಿ. ಏಕಕಾಲಕ್ಕೆ ಎರಡು ಕುದುರೆಗಳು ಮಾಡುವ ಕೆಲಸವನ್ನು ಯಂತ್ರ ಮಾಡುತ್ತದೆ ಎನ್ನೋಣ. ಆದರೆ ಕುದುರೆಗೆ ವಿಶ್ರಾಂತಿ ಬೇಕು, ಯಂತ್ರಕ್ಕೆ ಬೇಡ. ಹಗಲೂ ರಾತ್ರಿ ಕೆಲಸ ಸಾಗಬೇಕಾದರೆ ಪಾಳಿಯ ಮೇಲೆ ಹತ್ತು ಹನ್ನೆರಡು ಕುದುರೆಗಳನ್ನು ಸಾಕಬೇಕು. ಆದ್ದರಿಂದ ಯಂತ್ರ ಹತ್ತು ಹನ್ನೆರಡು ಕುದುರೆಗಳಿಗೆ ಸಮ! ವ್ಯಾಪಾರಿಗೆ ಇದು ಸರಿಯಾದ ಲೆಕ್ಕವೇ. ಆದರೆ ಭೌತವಿಜ್ಞಾನಿ ಇಲ್ಲಿ ಒಂದು ಬೆರಕೆಯನ್ನು ಕಾಣುತ್ತಾನೆ. ಕೆಲಸದ ದರವೂ, ದಿನವಿಡೀ ನಡೆದ ಒಟ್ಟು ಕೆಲಸವೂ ಒಂದೇ ಸಂಖ್ಯೆಯೊಳಗೆ ಸೇರಿಹೋಗಿವೆ. ಈ ಬೆರಕೆ ಇಂದಿಗೂ ನಮ್ಮ ಪತ್ರಿಕೆಗಳಲ್ಲಿ ಜೀವಂತವಾಗಿದೆ ಎಂಬುದನ್ನು ಮುಂದೆ ನೋಡೋಣ.

1759ರಲ್ಲಿ ಜಾನ್ ಸ್ಮೀಟನ್ ಎಂಬ ಎಂಜಿನಿಯರ್ ಲಂಡನ್ನಿನ ರಾಯಲ್ ಸೊಸೈಟಿಗೆ ನೀರು ಮತ್ತು ಗಾಳಿಯ ಚಕ್ರಗಳ ಮೇಲಿನ ತನ್ನ ಪ್ರಯೋಗಗಳನ್ನು ಒಪ್ಪಿಸಿದ. ಪುಟ್ಟ ಮಾದರಿಗಳನ್ನು ಮಾಡಿ ಅಳೆದ ಅವನಿಗೆ ಒಂದು ವಿಷಯ ಸ್ಪಷ್ಟವಾಯಿತು. ನೀರು ಕೆಳಗಿನಿಂದ ತಳ್ಳುವ ಚಕ್ರಕ್ಕಿಂತ ಮೇಲಿನಿಂದ ಬೀಳುವ ಚಕ್ರ ಹೆಚ್ಚು ಕಡಿಮೆ ಎರಡರಷ್ಟು ಫಲ ಕೊಡುತ್ತದೆ. ಇದನ್ನು ಹೇಳಬೇಕಾದರೆ ‘ಪವರ್’ ಎಂದರೇನು ಎಂದು ಮೊದಲು ಹೇಳಬೇಕಲ್ಲ! ಗೊತ್ತಾದ ಸಮಯದಲ್ಲಿ ಎತ್ತಿದ ತೂಕವನ್ನು ಅದು ಏರಿದ ಎತ್ತರದಿಂದ ಗುಣಿಸಿ ಬಂದದ್ದೇ ಅದರ ಅಳತೆ ಎಂದು ಅವನು ನಿರ್ಧರಿಸಿದ. ತೂಕ, ಎತ್ತರ, ಸಮಯ ಮೂರೂ ಒಂದೆಡೆ ಸೇರಿದವು. ಈ ಪ್ರಬಂಧಕ್ಕೆ ಸೊಸೈಟಿಯ ಕಾಪ್ಲಿ ಪದಕ ದೊರೆಯಿತು.

ಮುಂದಿನ ಹೆಜ್ಜೆ ಜೇಮ್ಸ್ ವಾಟ್‌ನದು. ಗಣಿಗಳಿಗೆ ಕೊಟ್ಟ ಉಗಿಯಂತ್ರಗಳಿಗೆ ವಾಟ್ ಮತ್ತು ಅವನ ಪಾಲುದಾರ ಮ್ಯಾಥ್ಯೂ ಬೋಲ್ಟನ್ ಒಂದು ವಿಚಿತ್ರ ಶುಲ್ಕ ವಿಧಿಸುತ್ತಿದ್ದರು. ಹಳೆಯ ನ್ಯೂಕಮೆನ್ ಯಂತ್ರಕ್ಕೆ ಹೋಲಿಸಿದರೆ ಉಳಿದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಭಾಗ ಅವರಿಗೆ ಸಲ್ಲಬೇಕು. ಆದರೆ ಚಕ್ರ ತಿರುಗಿಸುವ ಹೊಸ ಯಂತ್ರಗಳನ್ನು ಮದ್ಯ ತಯಾರಕರೂ ಗಿರಣಿಯವರೂ ಕೊಳ್ಳತೊಡಗಿದಾಗ ಈ ಲೆಕ್ಕ ನಡೆಯಲಿಲ್ಲ. ಅವರ ಬಳಿ ಹಳೆಯ ಯಂತ್ರವೇ ಇರಲಿಲ್ಲ, ಇದ್ದದ್ದು ಕುದುರೆಗಳು. ಆದ್ದರಿಂದ ಒಂದು ಕುದುರೆ ಎಷ್ಟು ದುಡಿಯುತ್ತದೆ ಎಂದು ವಾಟ್ ಲೆಕ್ಕ ಹಾಕಬೇಕಾಯಿತು.

ಆ ಲೆಕ್ಕವನ್ನು ನಿಮ್ಮ ತರಗತಿಯಲ್ಲಿ ಮಾಡಿ ನೋಡಬಹುದು. ಗಿರಣಿಯ ಕುದುರೆ 12 ಅಡಿ ತ್ರಿಜ್ಯದ ವೃತ್ತದಲ್ಲಿ ಗಂಟೆಗೆ 144 ಸುತ್ತು ಬರುತ್ತದೆ; ಎಳೆಯುವ ಬಲ 180 ಪೌಂಡ್. ಒಂದು ಸುತ್ತಿನ ಪರಿಧಿ ಸುಮಾರು 75.4 ಅಡಿ. ನಿಮಿಷಕ್ಕೆ 2.4 ಸುತ್ತು, ಅಂದರೆ ಸುಮಾರು 181 ಅಡಿ. ಇದನ್ನು 180ರಿಂದ ಗುಣಿಸಿದರೆ ನಿಮಿಷಕ್ಕೆ ಸುಮಾರು 32,570 ಅಡಿ-ಪೌಂಡ್. ವಾಟ್ ಇದನ್ನು 33,000 ಎಂದು ದುಂಡಗೆ ಮಾಡಿದ. ಸೆಕೆಂಡಿಗೆ 550 ಅಡಿ-ಪೌಂಡ್. ಇಂದಿನ ಮಾನದಲ್ಲಿ ಇದು ಸುಮಾರು 746 ವಾಟ್. ಸಾಧಾರಣ ಕುದುರೆ ದಿನವಿಡೀ ಈ ದರದಲ್ಲಿ ದುಡಿಯಲಾರದು. ಆದರೆ ಕೊಂಡವನು ‘ನಿಮ್ಮ ಯಂತ್ರ ನನ್ನ ಕುದುರೆಗಿಂತ ಕಡಿಮೆ’ ಎಂದು ದೂರುವ ಅವಕಾಶ ಹೀಗೆ ತಪ್ಪಿತು. ಮೆಟ್ರಿಕ್ ದೇಶಗಳು ಸೆಕೆಂಡಿಗೆ 75 ಕಿಲೋಗ್ರಾಂ-ಮೀಟರ್ ಎಂಬ ಬೇರೆ ಕುದುರೆಯನ್ನು ಕಟ್ಟಿಕೊಂಡವು. ಅದು 735.5 ವಾಟ್, ಇಂಗ್ಲಿಷ್ ಕುದುರೆಗಿಂತ ಸ್ವಲ್ಪ ಬಡಕಲು!

1776ರಲ್ಲಿ ಬಾಸ್ವೆಲ್ ಎಂಬ ಲೇಖಕ ಬೋಲ್ಟನ್ನನ ಕಾರ್ಖಾನೆಗೆ ಬಂದಾಗ, ಲೋಕವೆಲ್ಲ ಬಯಸುವ ವಸ್ತುವನ್ನು ತಾನು ಮಾರುತ್ತಿದ್ದೇನೆ, ಅದು ಪವರ್ ಎಂದು ಬೋಲ್ಟನ್ ಹೆಮ್ಮೆಯಿಂದ ಹೇಳಿದ್ದನಂತೆ. ಅಧಿಕಾರ ಎಂಬ ಅರ್ಥವೂ ಉಗಿಯಂತ್ರದ ಅರ್ಥವೂ ಒಂದೇ ಮಾತಿನಲ್ಲಿ ಕೂಡಿವೆ. ಪದದ ಹಲವು ಅರ್ಥಗಳನ್ನು ವ್ಯಾಪಾರಿ ತನ್ನ ಲಾಭಕ್ಕೆ ಬಳಸಿದ.

ಒಂದು ಗ್ರಂಥ, ಮೂರು ಹೆಸರು

1824ರಲ್ಲಿ ಪ್ಯಾರಿಸಿನಲ್ಲಿ ಸಾದಿ ಕಾರ್ನೊ ಎಂಬ ಯುವ ಎಂಜಿನಿಯರ್ ಬೆಂಕಿಯ ‘ಪುಯಿಸಾನ್ಸ್ ಮೋತ್ರಿಸ್’ ಕುರಿತು ಒಂದು ಪುಟ್ಟ ಪುಸ್ತಕ ಪ್ರಕಟಿಸಿದ. ಉಷ್ಣಗತಿವಿಜ್ಞಾನದ ಎರಡನೆಯ ನಿಯಮದ ಬೀಜ ಇರುವುದು ಇಲ್ಲಿ. ಅದರ ಹೆಸರನ್ನು ಇಂಗ್ಲಿಷಿನಲ್ಲಿ ‘ಮೋಟಿವ್ ಪವರ್’ ಎನ್ನುತ್ತಾರೆ. ಹಾಗಾದರೆ ಕಾರ್ನೊ ಚರ್ಚಿಸಿದ್ದು ಕೆಲಸದ ದರವನ್ನೇ? ಅಲ್ಲ. ಈ ಮಾತಿಗೆ ತನ್ನ ಅರ್ಥವೇನೆಂದು ಅವನೇ ವಿವರಿಸಿದ್ದಾನೆ: ತೂಕವನ್ನು ಅದು ಏರಿದ ಎತ್ತರದಿಂದ ಗುಣಿಸಿ ಬಂದದ್ದು. ಸಮಯದ ಸುಳಿವೇ ಇಲ್ಲ. ಅಂದರೆ ಕಾರ್ನೊನ ‘ಪವರ್’ ಇಂದಿನ ನಮ್ಮ ‘ಕೆಲಸ’. ಇದನ್ನು ತಿಳಿಯದೆ ಕಾರ್ನೊನನ್ನು ಓದುವ ವಿದ್ಯಾರ್ಥಿ ಮೊದಲ ಪುಟದಲ್ಲೇ ದಾರಿ ತಪ್ಪುತ್ತಾನೆ.

1850ರಲ್ಲಿ ಕ್ಲಾಸಿಯಸ್ ಇದೇ ವಿಷಯವನ್ನು ಜರ್ಮನ್ ಭಾಷೆಯಲ್ಲಿ ಮುಂದುವರಿಸಿದಾಗ ‘ಪುಯಿಸಾನ್ಸ್’ ಎಂಬುದು ‘ಕ್ರಾಫ್ಟ್’ ಆಯಿತು. ಆ ಪ್ರಬಂಧ ಮರುವರ್ಷ ಇಂಗ್ಲಿಷಿಗೆ ಬಂದಾಗ ‘ಕ್ರಾಫ್ಟ್’ ಹೋಗಿ ‘ಫೋರ್ಸ್’ ಬಂತು. ಫ್ರೆಂಚಿನಲ್ಲಿ ಪವರ್, ಇಂಗ್ಲಿಷಿನಲ್ಲಿ ಫೋರ್ಸ್, ನಿಜವಾದ ಅರ್ಥದಲ್ಲಿ ಕೆಲಸ! ಮೂರು ಭೌತಪರಿಮಾಣಗಳ ಹೆಸರುಗಳನ್ನು ಒಂದೇ ಪರಿಮಾಣ ಹೊತ್ತು ತಿರುಗಿತು.

ಇದಕ್ಕೆ ಮೊದಲೇ 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಶಕ್ತಿಯ ಸಂರಕ್ಷಣೆಯನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದ ಹೆಸರಿನಲ್ಲೂ ಇದ್ದದ್ದು ‘ಕ್ರಾಫ್ಟ್’ ಎಂಬ ಪದವೇ. 1853ರಲ್ಲಿ ಜಾನ್ ಟಿಂಡಾಲ್ ಅದನ್ನು ಇಂಗ್ಲಿಷಿಗೆ ತಂದಾಗ ಅದು ‘ಫೋರ್ಸ್‌ನ ಸಂರಕ್ಷಣೆ’ ಆಯಿತು. ‘ಎನರ್ಜಿ’ ಎಂಬ ಪದ ಆಗ ಇರಲಿಲ್ಲವೇ? ಇತ್ತು. ಥಾಮಸ್ ಯಂಗ್ 1807ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಅದನ್ನು ವೈಜ್ಞಾನಿಕ ಅರ್ಥದಲ್ಲಿ ಬಳಸಿದ್ದ. ಆದರೆ ನಲವತ್ತು ವರ್ಷ ಯಾರೂ ಅದನ್ನು ಹೆಚ್ಚಾಗಿ ಎತ್ತಿಕೊಳ್ಳಲಿಲ್ಲ. ಬೇಕೆನಿಸುವ ಮೊದಲೇ ಬಂದ ಪದ ಅದು.

ಫ್ಯಾರಡೆಯ ಪ್ರಶ್ನೆ

ಹೆಸರು ಬದಲಾದರೆ ಏನಂತೆ, ಲೆಕ್ಕ ಸರಿಯಿದ್ದರೆ ಸಾಕಲ್ಲ ಎಂದು ನೀವು ಕೇಳಬಹುದು. ಲೆಕ್ಕದಲ್ಲೇ ಯೋಚಿಸುವವರಿಗೆ ಸಾಕು. ಆದರೆ ಪದಗಳಲ್ಲಿ, ಚಿತ್ರಗಳಲ್ಲಿ ಯೋಚಿಸುತ್ತಿದ್ದ ಮೈಕೆಲ್ ಫ್ಯಾರಡೆಯಂಥ ಮೇಧಾವಿಗೆ ಅದು ನಿಜವಾದ ತೊಡಕಾಯಿತು.

1857ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಫ್ಯಾರಡೆ ‘ಫೋರ್ಸ್‌ನ ಸಂರಕ್ಷಣೆ’ ಎಂಬ ವಿಷಯದ ಮೇಲೆ ಉಪನ್ಯಾಸ ಮಾಡಿದ. ಅವನ ಸಂಶಯ ಹೀಗಿತ್ತು. ಫೋರ್ಸ್ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎನ್ನುತ್ತೀರಿ. ಎರಡು ಕಾಯಗಳ ನಡುವಿನ ದೂರ ಅರ್ಧವಾದರೆ ಗುರುತ್ವಾಕರ್ಷಣೆಯ ಬಲ ನಾಲ್ಕು ಪಟ್ಟಾಗುತ್ತದೆ. ಆ ಹೆಚ್ಚಿನ ಮೂರು ಪಟ್ಟು ಎಲ್ಲಿಂದ ಬಂತು? ದೂರ ಸರಿದಾಗ ಅದು ಎಲ್ಲಿಗೆ ಹೋಯಿತು?

ಪ್ರಶ್ನೆ ಬಾಲಿಶವಲ್ಲ. ಪದವನ್ನು ಪ್ರಾಮಾಣಿಕವಾಗಿ ನಂಬಿದವನಿಗೆ ಮಾತ್ರ ಇಂಥ ಪ್ರಶ್ನೆ ಹುಟ್ಟುತ್ತದೆ. ಸಂರಕ್ಷಿತವಾಗಿರುವುದು ನ್ಯೂಟನ್ನನ ಬಲವಲ್ಲ. ಬಲ ಮತ್ತು ದೂರಗಳಿಂದ ಬರುವ ಶಕ್ತಿ. ಕಾಯಗಳು ಹತ್ತಿರ ಬಂದಾಗ ಪ್ರಚ್ಛನ್ನ ಶಕ್ತಿ ಕುಗ್ಗುತ್ತದೆ, ಅಷ್ಟೇ ಪ್ರಮಾಣದಲ್ಲಿ ಚಲನಶಕ್ತಿ ಹಿಗ್ಗುತ್ತದೆ. ಅದೇ ವರ್ಷದ ನವೆಂಬರಿನಲ್ಲಿ ಇಪ್ಪತ್ತಾರು ವರ್ಷದ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, ಅರವತ್ತಾರು ವರ್ಷದ ಫ್ಯಾರಡೆಗೆ ಬರೆದ ಪತ್ರದಲ್ಲಿ ಫೋರ್ಸ್ ಬೇರೆ, ಎನರ್ಜಿ ಬೇರೆ ಎಂಬುದನ್ನು ಬಹಳ ವಿನಯದಿಂದ ಬಿಡಿಸಿ ಹೇಳಿದ. ಸ್ವಾರಸ್ಯವೆಂದರೆ, ಎನರ್ಜಿ ಎಂದರೆ ಕೆಲಸ ಮಾಡುವ ‘ಪವರ್’ ಎಂದೇ ಅವನು ಅಲ್ಲಿ ವಿವರಿಸುತ್ತಾನೆ! ಮೂರನೆಯ ಪದ ಇನ್ನೂ ಸಾಮಾನ್ಯ ಭಾಷೆಯಲ್ಲೇ ಉಳಿದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಅಷ್ಟು ಹೊತ್ತಿಗೆ ಪದಗಳು ತಮ್ಮ ತಮ್ಮ ಜಾಗದಲ್ಲಿ ಕೂರತೊಡಗಿದ್ದವು. 1829ರಲ್ಲಿ ಕೊರಿಯೋಲಿಸ್ ಫ್ರೆಂಚ್ ಭಾಷೆಯಲ್ಲಿ ‘ಕೆಲಸ’ ಎಂಬ ಪದಕ್ಕೆ ಬಲ ಮತ್ತು ದೂರಗಳ ಗುಣಲಬ್ಧ ಎಂಬ ಅರ್ಥ ಕೊಟ್ಟಿದ್ದ. 1853ರಲ್ಲಿ ರಾಂಕಿನ್ ‘ಪೊಟೆನ್ಷಿಯಲ್ ಎನರ್ಜಿ’ ಎಂಬ ಪದವನ್ನು ಬಳಕೆಗೆ ತಂದ. ವಿಲಿಯಂ ಥಾಮ್ಸನ್ ಮತ್ತು ಟೇಟ್ ತಮ್ಮ 1867ರ ಗ್ರಂಥದಲ್ಲಿ ಶಕ್ತಿಯ ಭಾಷೆಯಲ್ಲೇ ಯಂತ್ರಶಾಸ್ತ್ರವನ್ನು ಕಟ್ಟಿದರು. ಕೆಲಸದ ದರಕ್ಕೆ ಅವರು ‘ಪವರ್’ ಎನ್ನದೆ ‘ಆ್ಯಕ್ಟಿವಿಟಿ’ ಎಂದರು. ಆದರೆ ಎಂಜಿನಿಯರುಗಳ ಬಾಯಲ್ಲಿ ನೆಲೆಸಿದ್ದ ‘ಹಾರ್ಸ್ ಪವರ್’ ಎದುರು ಆ ಪದ ಉಳಿಯಲಿಲ್ಲ.

1882ರಲ್ಲಿ ಬ್ರಿಟಿಷ್ ವಿಜ್ಞಾನ ಸಂಘದ ಅಧ್ಯಕ್ಷನಾಗಿದ್ದ ವಿಲಿಯಂ ಸೀಮೆನ್ಸ್, ಒಂದು ವೋಲ್ಟ್ ಮತ್ತು ಒಂದು ಆಂಪಿಯರುಗಳ ಗುಣಲಬ್ಧಕ್ಕೆ ‘ವಾಟ್’ ಎಂದು ಹೆಸರಿಡಲು ಸೂಚಿಸಿದ. 1889ರ ಪ್ಯಾರಿಸ್ ವಿದ್ಯುತ್ ಸಮ್ಮೇಳನ ವಾಟ್ ಮತ್ತು ಜೂಲ್‌ಗಳನ್ನು ಒಪ್ಪಿತು. 1960ರಲ್ಲಿ ಬಂದ ಅಂತರರಾಷ್ಟ್ರೀಯ ಮಾನಪದ್ಧತಿಯಲ್ಲಿ ವಾಟ್ ಸ್ಥಿರವಾಗಿ ನೆಲೆಯೂರಿತು: ಸೆಕೆಂಡಿಗೆ ಒಂದು ಜೂಲ್.

ಮಸೂರದಿಂದ ಸಂಖ್ಯಾಶಾಸ್ತ್ರದವರೆಗೆ

ಹಾಗಾದರೆ ಉಳಿದ ‘ಪವರ್’ಗಳ ಗತಿಯೇನು? ಅವು ಹೋಗಲಿಲ್ಲ. ‘ಮಾಡಬಲ್ಲೆ’ ಎಂಬ ಹಳೆಯ ಅರ್ಥದಲ್ಲಿ ವಿಜ್ಞಾನದ ಮೂಲೆ ಮೂಲೆಗಳಲ್ಲಿ ಬೆಳೆದವು.

ಕನ್ನಡಕದ ಪವರ್ ಎಂದರೆ ಬೆಳಕನ್ನು ಬಗ್ಗಿಸುವ ಅಳವು. ಮೀಟರಿನಲ್ಲಿ ಅಳೆದ ಸಂಗಮದೂರದ ವ್ಯುತ್ಕ್ರಮವೇ ಅದು. ಇದರ ಮಾನವಾದ ಡಯಾಪ್ಟರನ್ನು 1872ರಲ್ಲಿ ಸೂಚಿಸಿದವನು ಫ್ರಾನ್ಸಿನ ನೇತ್ರವೈದ್ಯ ಫರ್ಡಿನಾಂಡ್ ಮೊನೊಯೆ. (ಅವನು ರಚಿಸಿದ ಕಣ್ಣಿನ ಪರೀಕ್ಷೆಯ ಫಲಕದ ಅಂಚಿನ ಅಕ್ಷರಗಳನ್ನು ಕೆಳಗಿನಿಂದ ಮೇಲಕ್ಕೆ ಓದುತ್ತ ಹೋದರೆ ಅವನ ಹೆಸರೇ ಸಿಗುತ್ತದೆ!) 2.5 ಡಯಾಪ್ಟರ್ ಮಸೂರದ ಸಂಗಮದೂರ 40 ಸೆಂಟಿಮೀಟರ್. ‘ಮಗನಿಗೆ ಪವರ್ ಜಾಸ್ತಿಯಾಗಿದೆ’ ಎಂದು ತಾಯಿ ಹೇಳಿದರೆ ಕಣ್ಣಿನ ಶಕ್ತಿ ಹೆಚ್ಚಿದೆ ಎಂದಲ್ಲ, ಕಣ್ಣಿನ ದೋಷಕ್ಕೆ ಹೆಚ್ಚು ಬಗ್ಗಿಸುವ ಗಾಜು ಬೇಕಾಗಿದೆ ಎಂದು ಅರ್ಥ. ಇಲ್ಲಿ ವಾಟ್ ಇಲ್ಲ, ಸಮಯವಿಲ್ಲ, ಕೆಲಸವಿಲ್ಲ.

ಸೂಕ್ಷ್ಮದರ್ಶಕದ ವರ್ಧನ ‘ಪವರ್’ ಬರಿಯ ಒಂದು ಅನುಪಾತ, ಅದಕ್ಕೆ ಮಾನವೇ ಇಲ್ಲ. ದೂರದರ್ಶಕದ ‘ರಿಸಾಲ್ವಿಂಗ್ ಪವರ್’ ಎಂದರೆ ಹತ್ತಿರದ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ತೋರಿಸುವ ಅಳವು. ಉಷ್ಣವಿದ್ಯುತ್ತಿನ ‘ಥರ್ಮೋಎಲೆಕ್ಟ್ರಿಕ್ ಪವರ್’ ಒಂದು ಡಿಗ್ರಿ ತಾಪದ ಅಂತರಕ್ಕೆ ಎಷ್ಟು ವೋಲ್ಟ್ ಎಂಬ ಲೆಕ್ಕ. ಆಲ್ಫಾ ಕಣವನ್ನು ತಡೆಯುವ ವಸ್ತುವಿನ ಗುಣಕ್ಕೆ ‘ಸ್ಟಾಪಿಂಗ್ ಪವರ್’ ಎಂದು ಹೆಸರು. ಅದನ್ನು ಬಳಕೆಗೆ ತಂದವರು 1905ರಲ್ಲಿ ಬ್ರಾಗ್ ಮತ್ತು ಅವರ ಸಹೋದ್ಯೋಗಿ. ರೇಖಾಗಣಿತದಲ್ಲಿ ವೃತ್ತವನ್ನು ಕುರಿತಂತೆ ಬಿಂದುವೊಂದರ ‘ಪವರ್’ ಎಂಬ ಪರಿಕಲ್ಪನೆಯನ್ನು 1826ರಲ್ಲಿ ಸ್ಟೈನರ್ ಕೊಟ್ಟ. 1933ರಲ್ಲಿ ನೇಮನ್ ಮತ್ತು ಪಿಯರ್ಸನ್ ಸಂಖ್ಯಾಶಾಸ್ತ್ರದ ಪರೀಕ್ಷೆಗೂ ‘ಪವರ್’ ಕೊಟ್ಟರು. ಅಲ್ಲಿ ಅದು ಸೊನ್ನೆ ಮತ್ತು ಒಂದರ ನಡುವಿನ ಒಂದು ಸಂಭಾವ್ಯತೆ.

ಇಷ್ಟನ್ನೂ ಮಾನಗಳ ದೃಷ್ಟಿಯಿಂದ ನೋಡಿ. ಒಂದಕ್ಕೆ ಸೆಕೆಂಡಿಗೆ ಜೂಲ್, ಇನ್ನೊಂದಕ್ಕೆ ಮೀಟರಿನ ವ್ಯುತ್ಕ್ರಮ, ಮತ್ತೊಂದಕ್ಕೆ ಡಿಗ್ರಿಗೆ ವೋಲ್ಟ್, ಮಗದೊಂದಕ್ಕೆ ಮಾನವೇ ಇಲ್ಲ. ಪದ ಒಂದೇ ಆದರೂ ಪರಿಮಾಣಗಳು ಬೇರೆ ಎಂಬುದನ್ನು ಮಾನ ಕೂಡಲೇ ಹೇಳಿಬಿಡುತ್ತದೆ. ಪದ ಮೋಸ ಮಾಡಬಹುದು, ಮಾನ ಮಾಡುವುದಿಲ್ಲ.

ಕನ್ನಡದ ಶಕ್ತಿ, ಹಿಂದಿಯ ಶಕ್ತಿ

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಕನ್ನಡದ ಪಠ್ಯಗಳಲ್ಲಿ ಫೋರ್ಸ್ ಎಂದರೆ ಬಲ, ಎನರ್ಜಿ ಎಂದರೆ ಶಕ್ತಿ, ಪವರ್ ಎಂದರೆ ಸಾಮರ್ಥ್ಯ. ತೆಲುಗಿನಲ್ಲೂ ಹೀಗೆಯೇ. ಆದರೆ ಹಿಂದಿಯ ಪಠ್ಯದಲ್ಲಿ ಎನರ್ಜಿಗೆ ಊರ್ಜಾ ಎಂದೂ ಪವರ್‌ಗೆ ಶಕ್ತಿ ಎಂದೂ ಹೇಳುತ್ತಾರೆ. ಒಂದೇ ಸಂಸ್ಕೃತ ಪದ ಬೆಳಗಾವಿಯ ಕನ್ನಡ ಶಾಲೆಯಲ್ಲಿ ಜೂಲ್‌ನಲ್ಲಿಯೂ ಹಿಂದಿ ಮಾಧ್ಯಮದ ಶಾಲೆಯಲ್ಲಿ ವಾಟ್‌ನಲ್ಲಿಯೂ ಅಳೆಯಲ್ಪಡುತ್ತದೆ. ಎರಡರಲ್ಲೂ ತಪ್ಪಿಲ್ಲ. ಪಾರಿಭಾಷಿಕ ಪದ ಒಂದು ಒಪ್ಪಂದ. ಒಪ್ಪಂದ ಸ್ಪಷ್ಟವಾಗಿದ್ದರೆ ಸಾಕು.

ತೊಂದರೆ ಇರುವುದು ನಮ್ಮದೇ ಒಪ್ಪಂದವನ್ನು ನಾವು ಮುರಿಯುವುದರಲ್ಲಿ. ಶಕ್ತಿ ಎಂದರೆ ಎನರ್ಜಿ ಎಂದು ಕಲಿಸಿದ ಪುಸ್ತಕವೇ ಹಾರ್ಸ್ ಪವರ್‌ಗೆ ‘ಅಶ್ವಶಕ್ತಿ’ ಎಂದು ಬರೆಯುತ್ತದೆ. ಅಶ್ವಶಕ್ತಿ ಶಕ್ತಿಯಲ್ಲ, ಸಾಮರ್ಥ್ಯ. ಬಳಕೆಯಲ್ಲಿ ಬೇರೂರಿದ ಪದವನ್ನು ಕೀಳುವುದು ಕಷ್ಟ. ಆದರೆ ಅದು ಬಂದಾಗಲೆಲ್ಲ ‘ಇದು ದರ, ಮೊತ್ತವಲ್ಲ’ ಎಂದು ಶಿಕ್ಷಕರು ನೆನಪಿಸಬಹುದು.

ಮೆಗಾವಾಟ್ ಮತ್ತು ಯೂನಿಟ್

ಇದು ಬರಿಯ ಪದಗಳ ಜಗಳವೇ? ಖಂಡಿತ ಅಲ್ಲ. ‘ಈ ಸ್ಥಾವರದಿಂದ ದಿನಕ್ಕೆ 210 ಮೆಗಾವಾಟ್ ವಿದ್ಯುತ್ ಉತ್ಪಾದನೆ’ ಎಂಬಂಥ ವಾಕ್ಯವನ್ನು ನೀವು ಓದಿರುತ್ತೀರಿ. ‘ಗಂಟೆಗೆ ಇಷ್ಟು ಮೆಗಾವಾಟ್’ ಎಂಬುದೂ ಕಾಣಸಿಗುತ್ತದೆ. ಮೆಗಾವಾಟ್‌ನಲ್ಲಿಯೇ ‘ಸೆಕೆಂಡಿಗೆ’ ಎಂಬುದು ಅಡಗಿರುವಾಗ ‘ದಿನಕ್ಕೆ ಮೆಗಾವಾಟ್’ ಎನ್ನುವುದು, ಬಸ್ಸಿನ ವೇಗ ‘ದಿನಕ್ಕೆ ಗಂಟೆಗೆ 60 ಕಿಲೋಮೀಟರ್’ ಎಂದಂತೆ. ಸೇವರಿಯ ಕುದುರೆಗಳು ಇನ್ನೂ ಓಡುತ್ತಿವೆ!

1985ರಲ್ಲಿ ಆರಂಭವಾದ ರಾಯಚೂರು ಶಾಖೋತ್ಪನ್ನ ಸ್ಥಾವರದ ಮೊದಲ ಘಟಕದ ಸಾಮರ್ಥ್ಯ 210 ಮೆಗಾವಾಟ್. ಅಂಥ ಘಟಕ ಒಂದು ಗಂಟೆ ಪೂರ್ಣವಾಗಿ ಓಡಿದರೆ 2 ಲಕ್ಷ 10 ಸಾವಿರ ಯೂನಿಟ್. 24 ಗಂಟೆ ಓಡಿದರೆ 50 ಲಕ್ಷ 40 ಸಾವಿರ ಯೂನಿಟ್. ಯೂನಿಟ್ ಎಂದರೆ ಕಿಲೋವಾಟ್-ಗಂಟೆ, 36 ಲಕ್ಷ ಜೂಲ್. ಇದು ಶಕ್ತಿ.

ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಅದರ ಹೆಸರು ‘ಶಕ್ತಿ ಸ್ಥಳ’. ಹಗಲೂ ರಾತ್ರಿ ಇದೇ ದರದಲ್ಲಿ ನಡೆದರೆ ದಿನಕ್ಕೆ 492 ಲಕ್ಷ ಯೂನಿಟ್ ಬರಬೇಕು. ಆದರೆ ರಾತ್ರಿ ಸೂರ್ಯನಿಲ್ಲ, ಬೆಳಗ್ಗೆ ಸಂಜೆ ಬಿಸಿಲು ಓರೆ, ಮಳೆಗಾಲದಲ್ಲಿ ಮೋಡ. ನಮ್ಮ ದೇಶದ ಸೌರ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಇದರ ಐದನೆಯ ಒಂದು ಭಾಗದಿಂದ ನಾಲ್ಕನೆಯ ಒಂದು ಭಾಗದವರೆಗೆ ಮಾತ್ರ ದೊರೆಯುತ್ತದೆ. ಅಂದರೆ ಸುಮಾರು 100ರಿಂದ 120 ಲಕ್ಷ ಯೂನಿಟ್. ಕಲ್ಲಿದ್ದಲಿನ ಘಟಕಗಳೂ ಸದಾ ಪೂರ್ಣ ಸಾಮರ್ಥ್ಯದಲ್ಲಿ ಓಡುವುದಿಲ್ಲ ಎಂಬುದು ನಿಜ. ಆದರೂ ಒಂದು ಮೆಗಾವಾಟ್ ಸೌರವನ್ನು ಒಂದು ಮೆಗಾವಾಟ್ ಕಲ್ಲಿದ್ದಲಿಗೆ ನೇರವಾಗಿ ಸಮ ಹಿಡಿಯಬಾರದು. ಸೌರವಿದ್ಯುತ್ತನ್ನು ಹೊಗಳುವವರೂ ತೆಗಳುವವರೂ ಈ ವ್ಯತ್ಯಾಸ ತಿಳಿಯದೆ ವಾದಿಸಿದರೆ ಇಬ್ಬರ ವಾದವೂ ಪೊಳ್ಳು.

ಮನೆಯ ವಿದ್ಯುತ್ ಬಿಲ್ಲನ್ನೇ ನೋಡಿ. ಮಂಜೂರಾದ ಲೋಡ್ ಇರುವುದು ಕಿಲೋವಾಟ್‌ನಲ್ಲಿ, ಅದು ಸಾಮರ್ಥ್ಯ. ಬಳಕೆ ಇರುವುದು ಯೂನಿಟ್‌ನಲ್ಲಿ, ಅದು ಶಕ್ತಿ. ಎರಡಕ್ಕೂ ಬೇರೆ ಬೇರೆ ಶುಲ್ಕ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿ ಶಕ್ತಿಯ ಮಿತಿ. ರೈತರ ಪಂಪ್‌ಸೆಟ್ಟಿಗೆ ಇರುವ 10 ಅಶ್ವಶಕ್ತಿಯ ಮಿತಿ ಸಾಮರ್ಥ್ಯದ ಮಿತಿ. ಮೊದಲನೆಯದು ಎಷ್ಟು ಬಳಸಿದಿರಿ ಎಂದು ಕೇಳುತ್ತದೆ, ಎರಡನೆಯದು ಎಷ್ಟು ಬೇಗ ಬಳಸಬಲ್ಲಿರಿ ಎಂದು. ಎರಡು ಬಗೆಯ ಮಿತಿಗಳ ಪರಿಣಾಮವೂ ಬೇರೆಯೇ. ಇದನ್ನು ಚರ್ಚಿಸಬಲ್ಲ ನಾಗರಿಕ ಬೇಕಾದರೆ ಅವನಿಗೆ ಶಾಲೆಯಲ್ಲಿ ದರ ಮತ್ತು ಮೊತ್ತಗಳ ಭೇದ ತಿಳಿದಿರಬೇಕು.

ತರಗತಿಯಲ್ಲಿ

ಪದವಿ ತರಗತಿಯಲ್ಲಿ ನಾನು ಪ್ರತಿವರ್ಷ ಒಂದು ಪ್ರಶ್ನೆ ಕೇಳುತ್ತೇನೆ. 20 ಮೀಟರ್ ಎತ್ತರದ ಟ್ಯಾಂಕಿಗೆ 1,000 ಲೀಟರ್ ನೀರು ಏರಿಸಬೇಕು. 1 ಅಶ್ವಶಕ್ತಿಯ ಮೋಟಾರಿಗೂ 5 ಅಶ್ವಶಕ್ತಿಯ ಮೋಟಾರಿಗೂ ಯಾವುದಕ್ಕೆ ಹೆಚ್ಚು ವಿದ್ಯುತ್ ಖರ್ಚು? ‘ಐದು ಪಟ್ಟು ಹೆಚ್ಚು ಸರ್’ ಎಂಬ ಉತ್ತರ ತಪ್ಪದೆ ಬರುತ್ತದೆ. ಲೆಕ್ಕ ಹಾಕಿದರೆ ಕೆಲಸ 1000 × 9.8 × 20 = 1,96,000 ಜೂಲ್, ಎರಡಕ್ಕೂ ಒಂದೇ. ನಷ್ಟಗಳನ್ನು ಬಿಟ್ಟರೆ ಮೊದಲನೆಯದಕ್ಕೆ ಸುಮಾರು 263 ಸೆಕೆಂಡ್ ಬೇಕು, ಎರಡನೆಯದಕ್ಕೆ ಸುಮಾರು 53 ಸೆಕೆಂಡ್. ಖರ್ಚಾದ ಶಕ್ತಿ ಒಂದು ಯೂನಿಟ್ಟಿನ ಹದಿನೆಂಟನೆಯ ಒಂದು ಭಾಗ ಮಾತ್ರ. ಈ ಒಂದು ಲೆಕ್ಕ ಹತ್ತು ವ್ಯಾಖ್ಯೆಗಳಿಗಿಂತ ಹೆಚ್ಚು ಕಲಿಸುತ್ತದೆ.

ಶಿಕ್ಷಕ ಮಿತ್ರರಿಗೆ ಎರಡು ಸಲಹೆಗಳು. ಮೊದಲನೆಯದು, ‘ಪವರ್’ ಎಂಬ ಪದ ಯಾವ ಪಾಠದಲ್ಲಿ ಬಂದರೂ ಅದರ ಮಾನವನ್ನು ಬೋರ್ಡಿನ ಮೇಲೆ ಬರೆಸಿ. ಎರಡನೆಯದು, ಪತ್ರಿಕೆಗಳ ವಿದ್ಯುತ್ ಸುದ್ದಿಗಳನ್ನು ಒಂದು ತಿಂಗಳು ಕತ್ತರಿಸಿ ತರುವಂತೆ ಮಕ್ಕಳಿಗೆ ಹೇಳಿ. ಸಾಮರ್ಥ್ಯ ಎಲ್ಲಿ, ಶಕ್ತಿ ಎಲ್ಲಿ, ಎರಡೂ ಬೆರೆತಿರುವುದು ಎಲ್ಲಿ ಎಂದು ಅವರೇ ಗುರುತು ಹಾಕಲಿ.

ವಿದ್ಯಾರ್ಥಿಗಳೇ, ಬಲ, ಶಕ್ತಿ, ಸಾಮರ್ಥ್ಯಗಳಲ್ಲಿ ನಿಮಗೆ ಗೊಂದಲವಾದರೆ ನಾಚಿಕೆ ಬೇಡ. ಅದೇ ಗೊಂದಲ ಫ್ಯಾರಡೆಯನ್ನೂ ಕಾಡಿತ್ತು. ಆದರೆ ಅವನು ಅದನ್ನು ಮುಚ್ಚಿಡಲಿಲ್ಲ, ತುಂಬಿದ ಸಭೆಯಲ್ಲಿ ಪ್ರಶ್ನೆಯಾಗಿ ಮುಂದಿಟ್ಟ. ನೀವೂ ನಿಮ್ಮ ತರಗತಿಯಲ್ಲಿ ಎದ್ದು ನಿಂತು ಕೇಳಿ: ‘ಸರ್, ಇದು ಯಾವ ಪವರ್?’